ಮಗುಚಿ ಹಾಕಿದ ಪ್ಲೇಟು

ನರಸಿಂಹರಾಜಪುರದ ಹತ್ತಿರದ ಒಂದು ಕ್ರಷರಿನಿಂದ ನಾನು ಕೊಪ್ಪಕ್ಕೆ ಜಲ್ಲಿ ಲಾರಿ ಓಡಿಸುತ್ತಿದ್ದೆ. ಅಲ್ಲಿ ಮಿಷನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯ ಪಕ್ಕದಲ್ಲಿ, ಲೋಡು ತುಂಬುವವರೆಗೆ ನಿಂತಿರುತ್ತಿದ್ದೆ. ಏನೇ ಮಾತಾಡುವುದಿದ್ದರೂ ಅವರು ಮೊದಲು ಹೆಗಲ ಮೇಲಿನ ಟವೆಲ್ಲಿನಿಂದ ತುಟಿಗೆ ಮೆತ್ತಿದ ಕಲ್ಲುಪುಡಿ ಒರೆಸಿಕೊಳ್ಳುತ್ತಿದ್ದರು. ಹೊಸಬರು ಯಾರೇ ಬರಲಿ, ಬಂಡೆ ಅಗಿಯುವ ಉಕ್ಕಿನ ಪ್ಲೇಟು ತೋರಿಸಿ ಹೇಳುವುದು ಒಂದೇ ಮಾತು: “ಇದಕ್ಕೆ ಮ್ಯಾಂಗನೀಸ್ ಸೇರಿಸಿರ್ತಾರೆ. ಪೆಟ್ಟು ತಿಂದಷ್ಟೂ ಗಟ್ಟಿಯಾಗ್ತದೆ ಮಾರಾಯ.”

ಎಷ್ಟು ಗಟ್ಟಿಯಾದರೂ ಪ್ಲೇಟಿನ ಕೆಳತುದಿ ಸವೆಯುತ್ತಿತ್ತು. ಆಗ ಅದನ್ನು ಬಿಚ್ಚಿ, ಮೇಲಿನ ತುದಿ ಕೆಳಗೆ ಬರುವಂತೆ ಮಗುಚಿ ಹಾಕುತ್ತಿದ್ದರು. ಆ ತುದಿಯೂ ಸವೆದರೆ ಪ್ಲೇಟು ಗುಜರಿಗೆ.

ಹೆಂಡತಿ ತೀರಿಕೊಂಡ ಮೇಲೆ ಮೇಸ್ತ್ರಿಗಿದ್ದವಳು ಮಗಳೊಬ್ಬಳೇ. ಅವಳೂ ಚೊಚ್ಚಲ ಹೆರಿಗೆಯಲ್ಲಿ ಹೋಗಿಬಿಟ್ಟಳು. ಕಾರ್ಯ ಮುಗಿದ ಮರುದಿನವೇ ಮೇಸ್ತ್ರಿ ಕೆಲಸಕ್ಕೆ ಬಂದು, ಸ್ಪ್ಯಾನರು ಹಿಡಿದು ಪ್ಲೇಟು ಬಿಚ್ಚಲು ಕೂತರು. ಕಣ್ಣಲ್ಲಿ ನೀರಿರಲಿಲ್ಲ. ಕ್ರಷರಿನ ಯಜಮಾನರಾದ ಗೌಡರು ಬಂದು ಅವರ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು: “ನೀನು ಗಟ್ಟಿ ಮನುಷ್ಯ ಬಿಡು. ನೀನೇ ಹೇಳ್ತೀಯಲ್ಲ, ಈ ಪ್ಲೇಟಿನ ಹಾಗೆ.”

ಮೇಸ್ತ್ರಿ ಸವೆದು ಹೊಳೆಯುತ್ತಿದ್ದ ತುದಿಯನ್ನು ಹೆಬ್ಬೆರಳಿನಿಂದ ಸವರಿದರು. ಟವೆಲ್ಲು ಹೆಗಲ ಮೇಲೇ ಇತ್ತು. ಅವತ್ತು ತುಟಿ ಒರೆಸಿಕೊಳ್ಳಲಿಲ್ಲ.

“ಅವಳಮ್ಮ ಹೋದಾಗಲೇ ನನ್ನನ್ನ ಒಂದ್ಸಲ ಮಗುಚಿ ಹಾಕಿ ಆಗಿದೆ ಗೌಡ್ರೇ,” ಅಂದರು. “ಇನ್ನು ಯಾವ ಕಡೆ ಹಾಕ್ತೀರಿ?”