ಅಜ್ಜಿಯ ಪ್ರಾರ್ಥನೆ ಮುಗಿದ ಶನಿವಾರ

ಬಂಗಾಲದ ಕಸ್ಬಾ ಬಡಾವಣೆಯ ನಮ್ಮ ಪ್ರಾರ್ಥನಾ ಕೂಟಕ್ಕೆ ಸ್ವಂತ ಕಟ್ಟಡ ಅಂತ ಇರಲಿಲ್ಲ. ಹತ್ತು ಹನ್ನೆರಡು ಜನ, ಒಂದು ಹಳೆಯ ಹಾರ್ಮೋನಿಯಂ, ಇಷ್ಟೇ. ಶನಿವಾರ ಸಂಜೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಹಾಡು, ಬೈಬಲ್ ವಾಕ್ಯ, ಆಮೇಲೆ ಸುತ್ತಲೂ ಚಾಪೆಯ ಮೇಲೆ ಕೂತು ಒಬ್ಬರಾದ ಮೇಲೊಬ್ಬರು ಗಟ್ಟಿಯಾಗಿ ಪ್ರಾರ್ಥನೆ. ಒಬ್ಬರದು ಮುಗಿದ ಕೂಡಲೇ ಎಲ್ಲರೂ ‘ಆಮೆನ್’ ಅನ್ನಬೇಕು, ಮುಂದಿನವರು ಶುರುಮಾಡಬೇಕು. ಕೊನೆಗೆ ಚಹಾ, ಸಾಸಿವೆ ಎಣ್ಣೆ ಹಚ್ಚಿದ ಚುರುಮುರಿ. ಕನ್ನಡದವರು ನಮ್ಮದೊಂದೇ ಮನೆ, ಉಳಿದವರೆಲ್ಲ ಬಂಗಾಲಿಗಳು.

ಆ ವರ್ಷ ಗದಗಿನಲ್ಲಿ ಬಿದ್ದು ಕಾಲು ಮುರಿದುಕೊಂಡ ಅಜ್ಜಿಯನ್ನು, ರೈಲ್ವೆಯಲ್ಲಿದ್ದ ಅಪ್ಪ ಇಲ್ಲಿಗೇ ಕರೆತಂದು ಆಪರೇಷನ್ ಮಾಡಿಸಿದ್ದರು. ಇನ್ನೂ ಕೆಲವು ತಿಂಗಳು ಪ್ರಯಾಣ ಕೂಡದು ಅಂದಿದ್ದರು ಡಾಕ್ಟರು. ಅತ್ತ ಬಳ್ಳಾರಿಯಲ್ಲಿ ಅಜ್ಜಿಯ ಕಿರಿಮಗಳು, ನನ್ನ ಸೋದರತ್ತೆ, ತುಂಬಿದ ಬಸುರಿ. ಅದಕ್ಕೂ ಮೊದಲು ಎರಡು ಸಲ ಕೂಸು ಉಳಿದಿರಲಿಲ್ಲ. ಅಜ್ಜಿಯ ಜೀವವೆಲ್ಲ ಅಲ್ಲೇ.

ಅಜ್ಜಿಗೆ ಬಂಗಾಲಿ ಬಾರದು, ಪ್ರಾರ್ಥನೆ ಕನ್ನಡದಲ್ಲೇ. ಅದಕ್ಕೊಂದು ಕ್ರಮವಿತ್ತು: ಮೊದಲು ಊರವರು, ಆಮೇಲೆ ನೆರೆಹೊರೆ, ತನ್ನವರು ಕಟ್ಟಕಡೆಗೆ. ಒಂದು ಮನೆಯವರದು ಹೇಳಿಯಾದ ಮೇಲೆ ‘ಸ್ವಾಮೀ...’ ಅಂತ ದನಿ ಇಳಿಸಿ ಉಸಿರು ತೆಗೆದುಕೊಳ್ಳುವಳು. ಪಾಪ, ಬಂಗಾಲಿಗಳಿಗೇನು ಗೊತ್ತು? ಮುಗಿಯಿತೆಂದು ಎಲ್ಲರೂ ಭಕ್ತಿಯಿಂದ ‘ಆಮೆನ್’ ಅನ್ನುತ್ತಿದ್ದರು. ಪಕ್ಕದವರು ಶುರುವೇ ಮಾಡಿಬಿಡುತ್ತಿದ್ದರು.

ಮೂರನೇ ಶನಿವಾರ ಸೈಕಲ್ ರಿಕ್ಷಾದಲ್ಲಿ ಮನೆಗೆ ಬರುವಾಗ ಅಜ್ಜಿ ಸಿಡಿದಳು.

“ಮುಂದಿನ ವಾರದಿಂದ ನಾ ಬರಂಗಿಲ್ಲ. ಪ್ರತಿ ಸಲ ಮಗಳ ಹೆಸರು ಬಾಯಿಗೆ ಬರೂದ್ರಾಗ ಇವರು ಆಮೆನ್ ಅಂತಾರ!”

“ಮಗಳದ್ದ ಮೊದಲ ಹೇಳಬೇಕಲ್ಲವ್ವಾ,” ಅಂದರು ಅಪ್ಪ.

“ತನ್ನದು ಮೊದಲ ಬೇಡೂದು ಭಿಕ್ಷುಕರ ಬುದ್ಧಿ. ನಿನಗ ಹಂಗ ಕಲಿಸೀನೇನ ನಾ?”

“ಮನೆಯಲ್ಲೇ ಮಾಡಬಹುದಲ್ಲ ಅಜ್ಜಿ?” ಅಂದೆ ನಾನು.

“ಮನ್ಯಾಗ ದಿನಾ ಮಾಡ್ತೀನಿ, ಶ್ಯಾಣೇಕಿ. ಹತ್ತು ಮಂದಿ ಕೂಡಿ ಆಮೆನ್ ಅಂದ್ರ ಅದರ ತೂಕನ ಬ್ಯಾರೆ.”

ನನಗಾಗ ಹನ್ನೆರಡು ವರ್ಷ. ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಎಲ್ಲರೂ ಮಾಶಿಮಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದ ಕೂಟದ ಹಿರಿಯಳಿಗೆ ಹೋಗಿ ಎಲ್ಲ ಊದಿಬಿಟ್ಟೆ. ಆಕೆ ಹಣೆ ಚಚ್ಚಿಕೊಂಡಳು. “ಅಯ್ಯೋ ದೇವರೇ, ಮೂರು ವಾರ ಒಬ್ಬ ತಾಯಿಯ ಬಾಯಿ ಮುಚ್ಚಿಸಿದೆವಾ!”

ನಾಲ್ಕನೇ ಶನಿವಾರದ ಸರದಿ ನಮ್ಮ ಮನೆಯದು. ಅಜ್ಜಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಮಾಶಿಮಾ ಬಂದವಳೇ ಅಜ್ಜಿಯ ಪಕ್ಕ ಕೂತು ಕೈ ಹಿಡಿದುಕೊಂಡಳು. ನನ್ನ ಕಡೆ ತಿರುಗಿ, “ಹೇಳು ನಿನ್ನಜ್ಜಿಗೆ. ಮುಗಿದಾಗ ನನ್ನ ಕೈ ಹಿಚುಕಲಿ. ಹಿಚುಕುವತನಕ ಈ ಮನೆಯಲ್ಲಿ ಯಾರೂ ಆಮೆನ್ ಅನ್ನಕೂಡದು,” ಅಂದಳು.

ಅಜ್ಜಿ ಶುರುಮಾಡುವುದಕ್ಕೂ ಲೋಡ್‌ಶೆಡಿಂಗ್ ಆಗುವುದಕ್ಕೂ ಸರಿಹೋಯಿತು. ಕತ್ತಲೆಯಲ್ಲೇ ಗದಗಿನ ಓಣಿಯೆಲ್ಲ ಸುತ್ತಿದಳು. ‘ಸ್ವಾಮೀ...’ ಎಂದು ಉಸಿರು ತೆಗೆದುಕೊಂಡಳು. ಯಾರೋ ‘ಆ...’ ಅಂದರು, ‘ಶ್‌!’ ಅಂದಳು ಮಾಶಿಮಾ.

ಅಷ್ಟರಲ್ಲಿ ಮಹಡಿಯ ಮೇಲಿನ ಮನೆಮಾಲೀಕರು ಲಾಟೀನು ಹಿಡಿದು ಇಳಿದುಬಂದು ಬಾಗಿಲಲ್ಲಿ ನಿಂತರು. ಕಮ್ಯುನಿಸ್ಟ್ ಪಕ್ಷದವರು, ದೇವರನ್ನು ನಂಬದವರು. ಇಡೀ ಪಾಡಾ, ಅಂದರೆ ನಮ್ಮ ಓಣಿ, ಅವರನ್ನು ಕಾಮ್ರೇಡ್ ಅನ್ನುತ್ತಿತ್ತು. ಕಣ್ಣುಬಿಟ್ಟು ಬೆಳಕು ನೋಡಿದ ಅಜ್ಜಿ ಅವರನ್ನೂ ಸೇರಿಸಿಕೊಂಡಳು: “ಈ ಕಾಮ್ರೇಡ್ ನಿನ್ನ ನಂಬಂಗಿಲ್ಲ ಸ್ವಾಮಿ, ಇರ್ಲಿ. ಅವನ ಹೊಟ್ಟಿಶೂಲಿ ಮಾತ್ರ ನೀನ ನೋಡ್ಕೋಬೇಕು.”

ಕನ್ನಡದ ನಡುವೆ ‘ಕಾಮ್ರೇಡ್’ ಕೇಳಿ ಎಲ್ಲರೂ ಕಣ್ಣುಬಿಟ್ಟರು. ಕಾಮ್ರೇಡ್ ಗಾಬರಿಯಿಂದ, “ನನ್ನ ಬಗ್ಗೆ ಏನಂದಳು?” ಅಂತ ಪಿಸುಗುಟ್ಟಿದರು. ನಾನು ಹೊಟ್ಟೆ ಮುಟ್ಟಿ ತೋರಿಸಿದೆ.

ಆಮೇಲೆ ಅಜ್ಜಿ ಮಗಳ ಹೆಸರು ಹೇಳಿದಳು. ಹೇಳಿ ಮಾತು ನಿಲ್ಲಿಸಿಬಿಟ್ಟಳು. ಅಷ್ಟು ದೀರ್ಘ ಮೌನ ನಮ್ಮ ಕೂಟದಲ್ಲಿ ಎಂದೂ ಆಗಿರಲಿಲ್ಲ. ಒಲೆಯ ಮೇಲೆ ಚಹಾ ಉಕ್ಕಿ ಚುರ್ ಅಂದರೂ ಅಮ್ಮ ಏಳಲಿಲ್ಲ. ಯಾರೂ ಆಮೆನ್ ಅನ್ನಲಿಲ್ಲ. ಕಾದರು.

“ಈ ಸಲ ಕೂಸು ಅಕಿ ಕೈಯಾಗ ಇರ್ಲಿ, ಸ್ವಾಮಿ. ಇಷ್ಟ ನಂದು.”

ಅಷ್ಟು ಹೇಳಿ ಕೈ ಹಿಚುಕಿದಳು ನೋಡಿ, ಮಾಶಿಮಾ “ಆಮೆನ್!” ಎಂದು ಕಿರುಚಿದಳು. ಅದು ಭಕ್ತಿಯೋ ನೋವೋ ತಿಳಿಯದು. ಉಳಿದವರೂ ಅಷ್ಟೇ ಗಟ್ಟಿಯಾಗಿ ಅಂದರು. ಬಾಗಿಲ ಕಡೆಯಿಂದಲೂ ಒಂದು ದನಿ ಬಂತು. ಕಾಮ್ರೇಡ್ ಕೆಮ್ಮಿದರಷ್ಟೇ ಎಂದು ಅಪ್ಪ ಕೊನೆಯವರೆಗೂ ವಾದಿಸುತ್ತಿದ್ದರು.

ಎರಡು ವಾರಕ್ಕೆ ಟೆಲಿಗ್ರಾಂ ಬಂತು: ಹೆಣ್ಣು ಮಗು, ಇಬ್ಬರೂ ಕ್ಷೇಮ. ಅಜ್ಜಿ ರಸಗುಲ್ಲದ ಮಡಕೆ ತರಿಸಿ, ಮೊದಲ ಬಟ್ಟಲನ್ನು ನನ್ನ ಕೈಯಲ್ಲಿ ಹೊರಿಸಿಕೊಂಡು, ಕೋಲೂರುತ್ತಾ ತಾನೇ ಮಹಡಿ ಹತ್ತಿದಳು.

ಕಾಮ್ರೇಡ್ ಎರಡೂ ಕೈ ಎತ್ತಿದರು. “ಬೇಡಮ್ಮಾ, ನನ್ನ ಹೊಟ್ಟೆಗೆ ಸಿಹಿ ಆಗೋದಿಲ್ಲ.”

ನಾನು ಕನ್ನಡಕ್ಕೆ ತಿರುಗಿಸಿದೆ. ಅಜ್ಜಿ ಬಟ್ಟಲನ್ನು ಅವರ ಮುಂದೆ ಇನ್ನಷ್ಟು ಸರಿಸಿದಳು.

“ಆಗ್ತದ, ತಿನ್ನಪಾ. ಮಗಳದು ಹೇಳೂದಕ್ಕಿಂತ ಮೊದಲ ನಿಂದು ಹೇಳೀನಿ.”