ಗುಡ್ಡದ ಬೆಂಕಿ ಓಣಿಗಿಳಿದ ಮೇಲೆ

ಚೆನ್ನೈನ ಪಲ್ಲಾವರಂನಲ್ಲಿ ನಮ್ಮ ಮನೆ ಗುಡ್ಡದ ಬುಡದಲ್ಲಿತ್ತು. ಗೋಡೆ ಇಟ್ಟಿಗೆಯದು, ಮಾಡು ಶೀಟಿನದು. ಯಜಮಾನರು ಸಂತೆ ಬೀದಿಯಲ್ಲಿ ಸಣ್ಣದೊಂದು ಟಿಫಿನ್ ಅಂಗಡಿ ನಡೆಸುತ್ತಿದ್ದರು. ಉಡುಪಿಯ ಕಡೆಯಿಂದ ಅತ್ತೆಯನ್ನು ಕರೆತಂದು ಆಗಿನ್ನೂ ವರ್ಷವಾಗಿರಲಿಲ್ಲ. ಅವರಿಗೆ ಕಣ್ಣು ಮಂಜು, ತಮಿಳು ಬಾರದು.

ಗುಡ್ಡದ ಹುಲ್ಲಿಗೆ ಬೇಸಿಗೆಯಲ್ಲಿ ಬೆಂಕಿ ಬೀಳುವುದು ಹೊಸದಲ್ಲ. ಅಷ್ಟಿಷ್ಟು ಉರಿದು ತಾನೇ ಆರುತ್ತಿತ್ತು. ಆ ದಿನ ಮಧ್ಯಾಹ್ನದ ಮೇಲೆ ಗಾಳಿ ತಿರುಗಿತು. ನಾವಿಬ್ಬರೂ ಅಂಗಡಿಯಲ್ಲಿದ್ದೆವು. ಸುದ್ದಿ ಕೇಳಿ ಓಡಿಬಂದರೆ ಓಣಿಯ ಬಾಯಲ್ಲೇ ಪೊಲೀಸರು ತಡೆದರು. ಶೀಟುಗಳು ಪಟಾಕಿಯ ಹಾಗೆ ಸಿಡಿಯುತ್ತಿದ್ದವು. ಒಳಗೆ ಅತ್ತೆ ಇದ್ದಾರೆಂದು ನಾನು ಕನ್ನಡದಲ್ಲೇ ಕಿರುಚುತ್ತಿದ್ದೆನಂತೆ.

ಅತ್ತೆ ಒಳಗಿರಲಿಲ್ಲ. ಪಕ್ಕದ ಮನೆಯ ಹೂವಿನವಳು ಅವರನ್ನು ಬೆನ್ನ ಮೇಲೆ ಹೊತ್ತು ತಂದು ಬಸ್‌ಸ್ಟಾಪಿನಲ್ಲಿ ಕೂರಿಸಿದ್ದಳು. ತನ್ನ ಮನೆಯಿಂದ ಒಂದು ಚೊಂಬನ್ನೂ ಹೊರಗೆ ತಂದಿರಲಿಲ್ಲ. ನಾನು ಅವಳ ಕೈ ಹಿಡಿದು ಗೊಳೋ ಎಂದೆ.

"ಅಳಾದೀಂಗ ಅಕ್ಕಾ, ಪಾಟಿ ನಲ್ಲಾ ಇರುಕ್ಕಾಂಗ."

"ಅವಳೆಂತ ಹೇಳುದು?" ಅತ್ತೆ ಕೇಳಿದರು.

"ಅಳ್ಬೇಡ ಅಂತಾಳೆ, ನಿಮ್ಗೆ ಎಂತದೂ ಆಗ್ಲಿಲ್ಲ ಅಂತೆ."

"ನಂಗೆಂತ ಆಗ್ತದೆ? ಅವಳಿಗೆ ಸೊಂಟ ನೋವಾಗಿರ್ಬೇಕು, ಕೇಳು."

ಸಂಜೆ ಸರ್ಕಾರಿ ಶಾಲೆಯ ಬಾಗಿಲು ತೆರೆಸಿದರು. ಆ ಸೆಕೆಯಲ್ಲಿ ಮೊದಲು ಬಂದದ್ದು ಲಾರಿ ತುಂಬ ಕಂಬಳಿ! ಅಷ್ಟು ಕಷ್ಟದಲ್ಲೂ ನಕ್ಕೆವು. ಆಮೇಲೆ ಅವನ್ನೇ ಮಡಚಿ ಹಾಸಿಕೊಂಡೆವು. ಮರುದಿನ ಅಕ್ಕಿ, ಬೇಳೆ ಬಂದವು. ಅಲ್ಲಿಯವರೆಗೆ ಗೋಡೆಗೊರಗಿ ಕೂತಿದ್ದ ಯಜಮಾನರು ಮೂಟೆ ನೋಡಿದ್ದೇ ಎದ್ದು ಲುಂಗಿ ಎತ್ತಿ ಕಟ್ಟಿದರು. ಅಂಗಡಿಯ ಪಾತ್ರೆ ಅಷ್ಟು ಜನಕ್ಕೆ ಸಾಲದು. ಮಸೀದಿಯವರು ಬಿರಿಯಾನಿ ಮಾಡುವ ಹಂಡೆ ಕಳಿಸಿದರು. ಯಜಮಾನರು ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳೆದು, ಅದರಲ್ಲೇ ಓಣಿಗೆಲ್ಲ ಸಾಂಬಾರು ಕುದಿಸಿದರು.

ಕಂದಾಯ ಇಲಾಖೆಯಿಂದ ಬಂದ ಅಧಿಕಾರಿ ಹೊಸೂರಿನ ಹೆಣ್ಣುಮಗಳು, ಕನ್ನಡ ಬಲ್ಲವರು. ನಮ್ಮ ಮಾತು ಕೇಳಿ ಅತ್ತೆಯ ಪಕ್ಕ ನೆಲದ ಮೇಲೇ ಕೂತರು.

"ಏನ್ ಬೇಕಜ್ಜಿ ನಿಮ್ಗೆ?"

ಅತ್ತೆ ಅವರ ಕೈ ತಡವಿ ಹಿಡಿದುಕೊಂಡರು. "ನಂಗೆಂತದೂ ಬೇಡ ಮಗಾ. ಆ ಹೂವಿನವಳಿಗೊಂದು ಮನೆ ಕಟ್ಟಿಸಿ ಕೊಡಿ."

"ಇಬ್ರಿಗೂ ಕಟ್ಸೋಣ ಅಜ್ಜಿ."

ಕೊಟ್ಟ ಮಾತು ಅವರು ಉಳಿಸಿಕೊಂಡರು. ಸುಟ್ಟುಹೋದ ರೇಷನ್ ಕಾರ್ಡು, ಆಧಾರ್‌ಗಳಿಗಾಗಿ ನಮ್ಮನ್ನು ಕಚೇರಿಗೆ ಅಲೆಸದೆ, ಶಾಲೆಯಲ್ಲೇ ಮೇಜು ಹಾಕಿಸಿ ಮಾಡಿಸಿಕೊಟ್ಟರು. ಮನೆಯ ಹಣ ಮಾತ್ರ ತಡವಾಯಿತು. ಶಾಲೆ ಶುರುವಾದಾಗ ನಾವು ಅಂಗಡಿಯ ಹಿಂದಿನ ಕೋಣೆಗೆ ಬಂದೆವು. ಹಿಟ್ಟಿನ ಡಬ್ಬಗಳ ನಡುವೆ ಅತ್ತೆಗೆ ಕಾಲು ಚಾಚಲೂ ಜಾಗವಿರಲಿಲ್ಲ. ಹೂವಿನವಳು ತಂಗಿಯ ಮನೆಗೆ ಹೋದಳು.

ಕೊನೆಗೆ ಹಣ ಬಂದಾಗ ಸಿಕ್ಕಿದ್ದು ಒಬ್ಬನೇ ಮೇಸ್ತ್ರಿ. ಯಾರ ಮನೆ ಮೊದಲು?

"ಅಮ್ಮ ಅವತ್ತೇ ಹೇಳಿ ಆಗಿದೆಯಲ್ಲ," ಎಂದರು ಯಜಮಾನರು.

ಹೂವಿನವಳು ಒಪ್ಪಲೇ ಇಲ್ಲ, ಜಗಳಕ್ಕೇ ಬಂದಳು. ಆದರೂ ಅವಳ ಪಾಯವೇ ಮೊದಲು ಬಿತ್ತು. ಸಂತೆಯ ವ್ಯಾಪಾರಿಗಳು ತಳ್ಳುಗಾಡಿ ಕೊಟ್ಟರು, ಓಣಿಯ ಹೆಂಗಸರೆಲ್ಲ ಸಾಲಾಗಿ ನಿಂತು ಮರಳಿನ ಬಾಂಡ್ಲಿ ಕೈಯಿಂದ ಕೈಗೆ ದಾಟಿಸಿದೆವು. ಆಮೇಲೆ ನಮ್ಮದೂ ಎದ್ದಿತು, ಕಾಂಕ್ರೀಟಿನ ಮಾಡಿನೊಂದಿಗೆ. ಈ ಊರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ, ಇದು ನಮ್ಮ ಊರು ಎಂದು ನನಗೆ ಅನ್ನಿಸಿದ್ದು ಆ ಮರಳು ಹೊರುವಾಗ.

ಮುಂದಿನ ಬೇಸಿಗೆಗೆ ಮೊದಲೇ ಆ ಅಧಿಕಾರಿ ಪಾಲಿಕೆಯ ಕೆಲಸದವರನ್ನು ಕರೆಸಿ, ಮನೆಗಳ ಹಿಂದಿನ ಹುಲ್ಲನ್ನು ಅಗಲಕ್ಕೆ ಸವರಿಸಿದರು. ಓಣಿಯವರೂ ಕತ್ತಿ ಹಿಡಿದು ಜೊತೆಗೂಡಿದೆವು. ಈಗಲೂ ಪ್ರತಿ ವರ್ಷ ಆ ಕೆಲಸ ನಡೆಯುತ್ತದೆ.

ವರ್ಗವಾಗಿ ಹೋಗುವ ಮುನ್ನ ಅವರು ಅಂಗಡಿಗೆ ಬಂದಿದ್ದರು. ಯಜಮಾನರು ಬಾಳೆಹಣ್ಣಿನ ಬಿಸಿ ಬನ್ಸ್ ಕೊಟ್ಟರು. ಉಪಕಾರ ಸ್ಮರಿಸಿ ಏನಾದರೂ ಹೇಳಬೇಕೆಂದು ನಾನು ಎದುರು ನಿಂತೆ. ಆದರೆ ಲೋಟ ತುಂಬ ಕಾಫಿ ಬಗ್ಗಿಸಿ ಮುಂದಿಟ್ಟೆ, ಅಷ್ಟೆ.

"ಬನ್ಸ್ ಚೆನ್ನಾಗಿದೆ ಅಕ್ಕಾ," ಎಂದರು ಅವರು.

ಇನ್ನಷ್ಟು ಕಟ್ಟಿಕೊಟ್ಟೆ. ಬೇಡವೆನ್ನದೆ ಚೀಲಕ್ಕೆ ಹಾಕಿಕೊಂಡರು.