ಮಸ್ಕತ್ತಿಗೆ ಒಂದೂಕಾಲು ಗಂಟೆ

ಬದಿಯಡ್ಕದಲ್ಲಿ ನಮ್ಮ ನೆರೆಮನೆಯ ಮಗ್ದಲಿನ್ ಬಾಯಿಗೆ ಮಸ್ಕತ್ ಎಂದರೆ ಒಂದು ರವಿಕೆ ಹೊಲಿದು ಮುಗಿಸುವಷ್ಟು ದೂರ. ಗಂಡ ಅಲ್ರಾಯ್ ಅಲ್ಲಿ ಹೋಟೆಲಿನ ಅಡುಗೆಯವನು. ಅವನ ವಿಮಾನ ಬಜ್ಪೆಯಿಂದ ಬೆಳಿಗ್ಗೆ ಎಂಟೂವರೆಗೆ ಏಳುತ್ತದೆ, ಮಸ್ಕತ್ತಿನಲ್ಲಿ ಒಂಬತ್ತೂಮುಕ್ಕಾಲಿಗೆ ಇಳಿಯುತ್ತದೆ. ಟಿಕೇಟಿನಲ್ಲೇ ಬರೆದುಂಟು. ಇಲ್ಲಿಂದ ಬಜ್ಪೆಗೆ ಹೋಗಲಿಕ್ಕೆ ಜೀಪಿನಲ್ಲಿ ಎರಡು ಗಂಟೆ ಬೇಕು, ಮಸ್ಕತ್ತೇ ಹತ್ತಿರ ಎಂದು ಹೊಲಿಗೆ ಮಿಷಿನು ತುಳಿಯುತ್ತಾ ಹೇಳುವಳು. ಹೇಳುವಾಗ ಅವಳ ಕಣ್ಣು ಪಡುವಣದ ಗುಡ್ಡೆಯ ಮೇಲೆ. ಆ ಗುಡ್ಡೆ ಇಳಿದರೆ ಕಡಲು, ಕಡಲು ದಾಟಿದರೆ ಅಲ್ರಾಯ್ ಬಾಣಲೆಯ ಎದುರು ನಿಂತಿದ್ದಾನೆ, ಒಗ್ಗರಣೆಯ ಪರಿಮಳ ಗಾಳಿ ಬೀಸಿದರೆ ಇಲ್ಲಿಗೂ ಬಂದೀತು.

ಬರುವಾಗ ಟಿಕೇಟಿನಲ್ಲಿ ನಾಲ್ಕೂಕಾಲು ಗಂಟೆ. ಅದಕ್ಕೂ ಅವಳಲ್ಲಿ ಉತ್ತರ ಉಂಟು. ಬರುವವರ ಪೆಟ್ಟಿಗೆಯಲ್ಲಿ ಕಂಬಳಿ, ಸಾಬೂನು, ಖರ್ಜೂರ. ಅಷ್ಟು ಭಾರ ಹೊತ್ತ ವಿಮಾನ ಮೆಲ್ಲ ಬಾರದೆ ಎಂತ ಮಾಡೀತು?

ನಾನು ಪರಮೇಶ್ವರಿ. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವಳು. ತಪ್ಪು ಕೇಳಿದರೆ ನನ್ನ ನಾಲಗೆ ತುರಿಸುತ್ತದೆ. ಆದರೂ ಇವಳ ಮುಖ ನೋಡಿ ಎಷ್ಟೋ ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಮಟ್ಟಿಗೆ ಅದೇ ದೊಡ್ಡ ಸಾಧನೆ ಮಾರಾಯ್ರೆ.

ಮಗ್ದಲಿನ್ ಬಾಯಿಗೆ ಒಂದು ಹರಕೆ ಇತ್ತು. ಗಂಡ ಆಕಾಶದಲ್ಲಿ ಇರುವಷ್ಟು ಹೊತ್ತು ಅವಳು ಕೂರುವುದಿಲ್ಲ, ಒಂದು ಹನಿ ನೀರು ಕುಡಿಯುವುದಿಲ್ಲ. ಅಂಗಳದಲ್ಲಿ ಜಪಮಾಲೆ ಹಿಡಿದು ನಿಂತೇ ತೇರ್ಸ್ ಪ್ರಾರ್ಥನೆ ಹೇಳುವುದು. ಎರಡು ಸಾವಿರದ ಹದಿಮೂರರಲ್ಲಿ ಅವನು ರಜೆ ಮುಗಿಸಿ ಹೊರಟ ದಿನವೂ ಹಾಗೆಯೇ ನಿಂತಳು. ಗಡಿಯಾರದಲ್ಲಿ ಒಂಬತ್ತೂಮುಕ್ಕಾಲು ಆದದ್ದೇ ಮಾಲೆಗೆ ಮುತ್ತು ಕೊಟ್ಟು, ಅವರು ತಲುಪಿದರು ಎಂದು ಹೇಳಿ ಗಂಜಿಗೆ ಕೂತಳು.

ಆ ದಿನ ನನ್ನ ಹಾಳು ನಾಲಗೆ ನಿಲ್ಲಲಿಲ್ಲ. "ಬಾಯಮ್ಮ, ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅವನಿನ್ನೂ ಸಮುದ್ರದ ಮೇಲೆಯೇ ಇದ್ದಾನೆ."

ಹೋಗುವುದಕ್ಕೂ ಬರುವುದಕ್ಕೂ ಎರಡೂಮುಕ್ಕಾಲು ಗಂಟೆಯೇ, ಪೆಟ್ಟಿಗೆಯ ಭಾರ ಎಲ್ಲ ಸುಳ್ಳು ಎಂದು ಬೇರೆ ವಿವರಿಸಿದೆ. ಅವಳ ಕೈಯ ಚಮಚ ಬಟ್ಟಲಿಗೆ ಬಿತ್ತು. ಹಾಗಾದರೆ ಪ್ರತಿ ಸಲವೂ ಅವರನ್ನು ನಡು ಕಡಲಿನಲ್ಲಿ ಬಿಟ್ಟು ನಾನು ಗಂಜಿ ಉಂಡೆನಾ ಎಂದು ಕೇಳಿದಳು. ನನಗೆ ನಾಚಿಕೆಯಾಯಿತು. ಅವಳು ಎದ್ದು ಪುನಃ ಅಂಗಳಕ್ಕೆ ಹೋದಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಅವಳ ಪ್ರಾರ್ಥನೆ ನನಗೆ ಬಾರದು, ಸುಮ್ಮನೆ ನಿಂತೆ. ಬಿಸಿಲಿಗೆ ಗುಡ್ಡೆ ಕರಗಿ ದೂರ ದೂರ ಸರಿಯುತ್ತಿದ್ದ ಹಾಗೆ ಕಂಡಿತು.

ಹನ್ನೊಂದೂವರೆಗೆ ಫೋನು ಬಂತು. ಅವನು ಯಾವಾಗಲೂ ಮಾಡುವುದು ಆ ಹೊತ್ತಿಗೇ. ಇಳಿದು ಹೊರಗೆ ಬರಲಿಕ್ಕೆ ಅಷ್ಟು ತಡ ಎಂದು ಇವಳು ನಂಬಿದ್ದಳು. ಅವನ ದೊಡ್ಡ ಸ್ವರ ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು. ಮಾತು ಕೊಂಕಣಿಯಲ್ಲಿ, ಇಷ್ಟು ವರ್ಷದ ನೆರೆಕರೆಯಾದ್ದರಿಂದ ನನಗೆ ಅರ್ಥವಾಗುತ್ತದೆ. ನಿಜವಾಗಿ ಎಷ್ಟು ದೂರ ಎಂದು ಕೇಳಿದಳು. ಅವನು ಎರಡು ಸಾವಿರ ಕಿಲೋಮೀಟರಿಗೂ ಮೇಲೆ ಎಂದ.

"ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಮಗ್ದು. ಹತ್ತಿರ ಅಂತ ನೀನು ನಗುತ್ತಾ ಕಳಿಸುತ್ತಿದ್ದೆ. ಅದಕ್ಕೇ ನನಗೆ ಜೀಪು ಹತ್ತಲಿಕ್ಕೆ ಆಗುತ್ತಿತ್ತು."

ಮಗ್ದಲಿನ್ ಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಇನ್ನು ನಗಲಿಕ್ಕೆ ನನ್ನಿಂದಾಗುವುದಿಲ್ಲ," ಎಂದಳು. "ಬಂದುಬಿಡಿ."